ಕೂಗಳತೆ

ದೂರವನ್ನು ಅಳೆಯುವುದಕ್ಕೆ ನಮ್ಮ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಅಂಗುಲ, ಗೇಣು, ಮೊಳ, ಮಾರು. ಅಲ್ಲಿಂದ ಮುಂದೆ ಹರಿದಾರಿ, ಗಾವುದ. ಇವುಗಳಲ್ಲಿ ಹೆಚ್ಚಿನವು ಮನುಷ್ಯನ ಕೈಕಾಲುಗಳಿಂದ ಹುಟ್ಟಿದ ಅಳತೆಗಳು. ಇವುಗಳ ನಡುವೆ ಕಂಠದಿಂದ ಹುಟ್ಟಿದ ಅಳತೆಯೊಂದಿದೆ; ಅದೇ ಕೂಗಳತೆ. "ಅವರ ಮನೆ ಇಲ್ಲೇ ಕೂಗಳತೆಯಲ್ಲಿದೆ" ಎಂದಾಗ ಇಷ್ಟು ಗಜ, ಇಷ್ಟು ಮಾರು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಇಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳಿಸುತ್ತದೆ ಎಂದರ್ಥ. ಆದರೆ ಆ ಮಾತಿನೊಳಗೆ ಇನ್ನೊಂದು ಅರ್ಥವೂ ಅಡಗಿದೆ. ಕೂಗು ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರಬಲ್ಲ. ಹಾವು ಕಂಡಿತೆಂದೋ, ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದೋ ಕೂಗಿದರೆ ಆ ಕೂಗಿನ ಬೆನ್ನ ಹಿಂದೆಯೇ ಆಳು ಬಂದು ನಿಲ್ಲುತ್ತಾನೆ. ಕೇಳುವ ದೂರವೂ ಬರುವ ದೂರವೂ ಒಂದೇ ಆಗಿದ್ದ ಕಾಲದಲ್ಲಿ ಹುಟ್ಟಿದ ಮಾತು ಅದು. ಆ ಎರಡು ದೂರಗಳು ಈಗ ಬೇರೆ ಬೇರೆಯಾಗಿವೆ ಎಂಬುದೇ ಈ ಪ್ರಬಂಧದ ವಿಷಯ. ವಿಷಯ ದೊಡ್ಡದು, ಬರೆಯುವವನು ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿ. ಅಧ್ಯಾಪಕ ಮಹನೀಯರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಪ್ರಾರ್ಥನೆ.

ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ತಾತನಿಗೆ ಮೈಲಿಯೂ ಗೊತ್ತಿತ್ತು, ಕಿಲೋಮೀಟರೂ ಗೊತ್ತಿತ್ತು. ಎರಡರಲ್ಲೂ ನಂಬಿಕೆ ಮಾತ್ರ ಇರಲಿಲ್ಲ. ೧೯೫೬ರಲ್ಲಿ ಸರ್ಕಾರ ಕಾಯಿದೆ ಮಾಡಿ ಮೆಟ್ರಿಕ್ ಅಳತೆಗಳನ್ನು ತಂದಾಗ ತಾತ ಇನ್ನೂ ದನ ಮೇಯಿಸುವ ಹುಡುಗ. ಆಗಲೇ ಅವರು ತಮ್ಮದೇ ಆದ ಒಂದು ಪದ್ಧತಿಯನ್ನು ರೂಢಿಸಿಕೊಂಡಿದ್ದರೆಂದು ತೋರುತ್ತದೆ. ಪಕ್ಕದ ಊರು ಒಂದು ಎಲೆಯಡಿಕೆಯ ದೂರ. ಸಂತೆ ನಡೆಯುವ ಊರು ಮೂರು ಎಲೆಯಡಿಕೆಯ ದೂರ. ಒಮ್ಮೆ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಅಗಿದು ಮುಗಿಯುವಷ್ಟರಲ್ಲಿ ನಡೆದ ದಾರಿಯೇ ಅವರ ಮೂಲಮಾನ. ರಾಮನಾಥಪುರದ ದನದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವುದು ಒಂದು ಹಗಲಿನ ದಾರಿ. ಎತ್ತು ಮಾರಿ ಬರಿಗೈಯಲ್ಲಿ ಬರುವುದಾದರೆ ಅದೇ ದಾರಿ ಅರ್ಧ ಹಗಲಿನದು. ಹೋಗುವ ದೂರ ಒಂದು, ಬರುವ ದೂರ ಇನ್ನೊಂದು ಎಂಬ ಈ ಲೆಕ್ಕ ಕೇಳಿ ನಾವು ಮಕ್ಕಳು ನಗುತ್ತಿದ್ದೆವು. ವಿಮಾನದವರ ಲೆಕ್ಕವೂ ಹೀಗೆಯೇ ಇದೆಯೆಂದು ಮುಂದೆ ತಿಳಿದಾಗ ತಾತನ ಮೇಲಿನ ಗೌರವ ಹೆಚ್ಚಿತು.

ನಮ್ಮ ಅಕ್ಕ ೨೦೧೯ರಲ್ಲಿ ಭಾವನೊಡನೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಹತ್ತಿರವಿರುವ ಫ್ರೀಮಾಂಟ್ ಎಂಬ ಊರಿನಲ್ಲಿ ಅವರ ವಾಸ. ಹೋದ ಮೊದಲ ವಾರವೇ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಷ್ಟೊತ್ತಿನ ದಾರಿ ಮಗ ಅದು?" ಎಂದು ಕೇಳಿದಳು. ಜಗಲಿಯ ಮೇಲಿಂದ ತಾತ, "ಎಷ್ಟು ಸಲ ಎಲೆಯಡಿಕೆ ಹಾಕ್ಬೇಕು, ಅಷ್ಟು ಹೇಳಪ್ಪ, ಸಾಕು" ಎಂದರು. ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಉತ್ತರವನ್ನು ಹುಡುಕಿಕೊಂಡು ಹೊರಟವನಿಗೆ ಅದು ಒಂದಲ್ಲ, ನಾಲ್ಕೈದು ಇವೆಯೆಂಬುದು ವರ್ಷಗಳು ಕಳೆದಂತೆ ಅರಿವಾಯಿತು.

ಮೊದಲನೆಯ ಉತ್ತರ ಸಿಕ್ಕಿದ್ದು ನಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ. ಅಲ್ಲಿ ಮೂವತ್ತು ಸೆಂಟಿಮೀಟರು ವ್ಯಾಸದ ಒಂದು ಗೋಳವಿದೆ. ಗೋಡೆಯ ಮೇಲಿನ ಚಪ್ಪಟೆ ಪಟದಲ್ಲಿ ಬೆಂಗಳೂರು ಮತ್ತು ಸಾನ್ ಫ್ರಾನ್ಸಿಸ್ಕೋ ನಡುವೆ ಅಡ್ಡಗೆರೆ ಎಳೆದರೆ ಅದು ಒಂದೋ ಅಟ್ಲಾಂಟಿಕ್ ಸಾಗರವನ್ನು, ಇಲ್ಲವೆ ಪೆಸಿಫಿಕ್ ಸಾಗರವನ್ನು ದಾಟಿ ಹೋಗುತ್ತದೆ. ಆದರೆ ಗೋಳದ ಮೇಲೆ ಈ ಎರಡು ಊರುಗಳಿಗೂ ಒಂದು ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಅಂಚು, ಸೈಬೀರಿಯಾ, ಆರ್ಕ್ಟಿಕ್ ಸಮುದ್ರದ ತೀರ, ಅಲಾಸ್ಕ. ಅಲ್ಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಇದಕ್ಕೆ ಕಾರಣವಿದೆ. ಬೆಂಗಳೂರು ಪೂರ್ವ ರೇಖಾಂಶ ೭೭.೬ ಡಿಗ್ರಿಯಲ್ಲಿದೆ; ಸಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ ೧೨೨.೪ ಡಿಗ್ರಿಯಲ್ಲಿದೆ. ಎರಡರ ಅಂತರ ಪೂರ್ವದ ಕಡೆಯಿಂದ ೧೬೦ ಡಿಗ್ರಿ. ಅಂದರೆ ಭೂಮಿಯ ಮೇಲೆ ಇವು ಹೆಚ್ಚು ಕಡಮೆ ಎದುರುಬದುರಾಗಿವೆ. ಗುಡ್ಡದ ಆಚೆ ಬದಿಯ ಮನೆಗೆ ಹೋಗಬೇಕಾದವನು ಗುಡ್ಡವನ್ನು ಸುತ್ತುವುದಕ್ಕಿಂತ ನೆತ್ತಿಯ ಹತ್ತಿರ ಹಾದು ಇಳಿಯುವುದೇ ಹತ್ತಿರವಾದಂತೆ ಇದು.

ಆ ದಾರವನ್ನು ಬಿಚ್ಚಿ ಅಳೆದೆ. ಮೂವತ್ತಮೂರು ಸೆಂಟಿಮೀಟರು, ಎಂದರೆ ಒಂದೂವರೆ ಗೇಣು. ಆ ಗೋಳದ ಮೇಲೆ ಒಂದು ಸೆಂಟಿಮೀಟರಿಗೆ ಸುಮಾರು ೪೨೫ ಕಿಲೋಮೀಟರು ಬರುತ್ತದೆ. ಗುಣಿಸಿದರೆ ಹದಿನಾಲ್ಕು ಸಾವಿರ ಕಿಲೋಮೀಟರು. ಏರ್ ಇಂಡಿಯಾದವರು ಪ್ರಕಟಿಸಿದ ಅಂಕಿ ೧೩,೯೯೩ ಕಿಲೋಮೀಟರು. ಒಂದು ಹೊಲಿಗೆ ದಾರ ಇಷ್ಟು ಸತ್ಯವಾದ ಮಾತು ಹೇಳೀತೆಂದು ಯಾರು ಎಣಿಸಿದ್ದರು! ಭೂಮಿಯ ಸುತ್ತಳತೆಯೇ ನಲವತ್ತು ಸಾವಿರ ಕಿಲೋಮೀಟರು; ಆದ್ದರಿಂದ ಭೂಮಿಯ ಮೇಲೆ ಯಾವ ಎರಡು ಊರುಗಳೂ ಇಪ್ಪತ್ತು ಸಾವಿರಕ್ಕಿಂತ ದೂರವಿರಲಾರವು. ನಮ್ಮ ಅಕ್ಕ ಆ ಪರಮಾವಧಿಯ ನೂರಕ್ಕೆ ಎಪ್ಪತ್ತು ಭಾಗದಷ್ಟು ದೂರ ಹೋಗಿದ್ದಾಳೆಂದಾಯಿತು. ಅಜ್ಜಿಗೆ ಒಂದೂವರೆ ಗೇಣಿನ ದಾರವನ್ನು ತೋರಿಸಿ ವಿವರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ದಾರ ಆಯ್ತು. ದಾರಿ ಎಷ್ಟೊತ್ತಿಂದು?" ಎಂದಳು.

ಎರಡನೆಯ ಉತ್ತರ ವಿಮಾನದ್ದು. ಬೆಂಗಳೂರು ಮತ್ತು ಸಾನ್ ಫ್ರಾನ್ಸಿಸ್ಕೋ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನವನ್ನು ಏರ್ ಇಂಡಿಯಾ ಸಂಸ್ಥೆ ೨೦೨೧ರ ಜನವರಿಯಲ್ಲಿ ಆರಂಭಿಸಿತು. ಆ ಮೊದಲ ಹಾರಾಟವನ್ನು ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಬೋಯಿಂಗ್ ೭೭೭ ಜಾತಿಯ ಆ ವಿಮಾನ ಜನವರಿ ೯ರ ರಾತ್ರಿ ಎಂಟೂವರೆಗೆ ಸಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲಿನಿಂದ ಹಾದು, ೧೧ರ ಬೆಳಗಿನ ಜಾವ ದೇವನಹಳ್ಳಿಯ ನಿಲ್ದಾಣದಲ್ಲಿ ಇಳಿಯಿತು. ಧ್ರುವದ ನೆತ್ತಿಯನ್ನೇ ಮುಟ್ಟಿ ಬಂದರೂ ದಾರದ ದಾರಿಗಿಂತ ಹೆಚ್ಚಾಗುವುದು ಸುಮಾರು ೩೭೦ ಕಿಲೋಮೀಟರು ಮಾತ್ರ. ಇಲ್ಲಿಂದ ಮೈಸೂರಿಗೆ ಹೋಗಿ ಬರುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾರಿದ ಕಾಲ ಸುಮಾರು ಹದಿನೇಳು ಗಂಟೆ. ೯ರ ರಾತ್ರಿ ಹತ್ತಿದವರು ೧೧ರ ಬೆಳಿಗ್ಗೆ ಇಳಿದುದರಿಂದ ಅವರಿಗೆ ಹತ್ತನೆಯ ತಾರೀಕು ನೆಲದ ಮೇಲೆ ಸಿಕ್ಕಲೇ ಇಲ್ಲ.

ಈ ಹದಿನೇಳು ಗಂಟೆಯನ್ನು ತಾತನಿಗೆ ಹೇಳಿದಾಗ ಅವರು ಕಣ್ಣುಮುಚ್ಚಿ ಲೆಕ್ಕ ಮಾಡಿ, "ಒಂದು ಕಟ್ಟು ಎಲೆ ಸಾಲದು" ಎಂದರು. ವಿಮಾನದೊಳಗೆ ಉಗಿಯುವುದಕ್ಕೆ ಸ್ಥಳವಿಲ್ಲವೆಂದು ತಿಳಿದ ಮೇಲೆ ಅಮೆರಿಕಕ್ಕೆ ಹೋಗುವ ಯೋಚನೆಯನ್ನು ಶಾಶ್ವತವಾಗಿ ಕೈಬಿಟ್ಟರು.

ವಿಮಾನ ದಾರದ ಗೆರೆಯ ಮೇಲೆಯೇ ಹಾರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ದಾರ ಟಿಬೆಟ್ಟಿನ ಮೇಲೆ ಹೋಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಕಡಮೆಯಾದರೆ ಪ್ರಯಾಣಿಕರು ಉಸಿರಾಡುವಂತಾಗಲು ಸುಮಾರು ಹತ್ತು ಸಾವಿರ ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿ ಹೋಗುತ್ತವೆ. ಧ್ರುವದ ಬಳಿ ಬೇರೆಯೇ ತಾಪತ್ರಯಗಳು. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನೆಚ್ಚುವಂತಿಲ್ಲ. ಹೊರಗಿನ ಚಳಿ ಎಂಥದೆಂದರೆ ಇಂಧನ ಹೆಪ್ಪುಗಟ್ಟದಂತೆ ಅದರ ಶಾಖವನ್ನು ನೋಡಿಕೊಳ್ಳುತ್ತಲೇ ಇರಬೇಕು. ಸೊನ್ನೆಗಿಂತ ೪೦ರಿಂದ ೪೭ ಡಿಗ್ರಿ ಕೆಳಗಿಳಿದರೆ, ಅದರ ಬಗೆಯನ್ನನುಸರಿಸಿ, ವಿಮಾನದ ಇಂಧನ ಗಡ್ಡೆಗಟ್ಟತೊಡಗುತ್ತದೆ. ಇನ್ನು ಗಾಳಿ. ಆಕಾಶದ ಮೇಲುಭಾಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಿರುಗಾಳಿಯೊಂದಿದೆ. ಅದರ ಜತೆಯಲ್ಲಿ ಹಾರಿದರೆ ಗಂಟೆಗಳು ಉಳಿಯುತ್ತವೆ; ಅದಕ್ಕೆ ಎದುರಾಗಿ ಹಾರಿದರೆ ಉಳಿದದ್ದೆಲ್ಲ ಖರ್ಚಾಗುತ್ತದೆ. ಹೋಗುವ ದೂರ ಒಂದು, ಬರುವ ದೂರ ಇನ್ನೊಂದು. ತಾತನ ಎತ್ತಿನ ಲೆಕ್ಕವೇ!

ಗಾಳಿ ಬೆಟ್ಟಗಳಾದರೂ ದೇವರು ಮಾಡಿದವು. ಮನುಷ್ಯ ಮಾಡಿದ ಅಡ್ಡಿಗಳೂ ಇವೆ. ೨೦೨೨ರ ಫೆಬ್ರವರಿಯಲ್ಲಿ ಯುಕ್ರೇನಿನ ಯುದ್ಧ ಆರಂಭವಾದ ಮೇಲೆ ರಷ್ಯದ ಆಕಾಶ ಅಮೆರಿಕ ಮತ್ತು ಯೂರೋಪಿನ ಅನೇಕ ದೇಶಗಳ ವಿಮಾನಗಳಿಗೆ ಮುಚ್ಚಿಹೋಯಿತು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಗೋಳದ ಮೇಲಿನ ದಾರ ಒಂದು ಕೂದಲಿನಷ್ಟೂ ಬೆಳೆಯಲಿಲ್ಲ. ಆದರೂ ಊರುಗಳು ದೂರವಾದವು. ೨೦೨೩ರ ಜೂನಿನಲ್ಲಿ ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವಭಾಗದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಮಂದಿ, ಭಾಷೆ ಬಾರದ ಊರಿನಲ್ಲಿ, ಇನ್ನೊಂದು ವಿಮಾನ ಬರುವವರೆಗೆ ಕಾದಿದ್ದರು. ಹದಿನೇಳು ಗಂಟೆ ಎಂದು ನಾವು ಸಲೀಸಾಗಿ ಹೇಳುವಾಗ ಅದರ ಕೆಳಗೆ ಎಂಥೆಂಥ ನೆಲ ಹಾಸಿಕೊಂಡಿದೆಯೆಂಬುದು ಇಂಥ ದಿನ ಮಾತ್ರ ನೆನಪಾಗುತ್ತದೆ.

ಮೂರನೆಯ ಉತ್ತರ ಗಡಿಯಾರದ್ದು. ಇದು ಸ್ವಲ್ಪ ಹಾಸ್ಯದ ಉತ್ತರ. ಚಳಿಗಾಲದಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ವಿಮಾನ ಹತ್ತಿ ಹದಿನಾರು ಗಂಟೆ ಹಾರಿದವನು ಅಲ್ಲಿ ಇಳಿದಾಗ ಅದೇ ದಿನದ ಸಂಜೆ ನಾಲ್ಕೂವರೆ. ಗಡಿಯಾರದ ಮಾತನ್ನು ನಂಬುವುದಾದರೆ ಪ್ರಯಾಣ ಎರಡೂವರೆ ಗಂಟೆಯದು! ಹಾಸನದಿಂದ ಬೆಂಗಳೂರಿಗೆ ಹೋಗುವ ನಮ್ಮ ಬಸ್ಸು ಇಷ್ಟು ಹೊತ್ತಿಗೆ ಕುಣಿಗಲ್ ದಾಟಿರುವುದಿಲ್ಲ. ಅಪ್ಪ ನಡುಮನೆಯ ಗೋಡೆಗೆ ಇನ್ನೊಂದು ಗಡಿಯಾರ ತೂಗುಹಾಕಿ ಅಕ್ಕನ ಊರಿನ ಹೊತ್ತು ತೋರುವಂತೆ ಮಾಡಿದರು. ಅಮೆರಿಕದವರು ಮಾರ್ಚಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಅದರಂತೆ ವರ್ಷಕ್ಕೆರಡು ಸಲ ಅಪ್ಪ ಮೇಜು ಹತ್ತಿ ಮುಳ್ಳು ತಿರುಗಿಸುವುದನ್ನು ನೋಡಿ ಅಜ್ಜಿ, "ಆ ಊರಲ್ಲಿ ಸೂರ್ಯನೂ ಸರ್ಕಾರದ ಮಾತು ಕೇಳ್ತಾನೋ?" ಎಂದು ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಈಗ ಹಿಂದಿನ ಕಾಲದ ಒಂದು ಪ್ರಯಾಣವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ೧೮೯೨ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ೧೮೯೩ರ ಮೇ ೩೧ರಂದು ಬೊಂಬಾಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ಮಾರ್ಗವಾಗಿ, ನಡುನಡುವೆ ಬಂದರುಗಳಲ್ಲಿ ತಂಗಿ, ಜುಲೈ ೨೫ರಂದು ಅಮೆರಿಕ ಖಂಡದ ಪಶ್ಚಿಮ ತೀರದ ವ್ಯಾಂಕೂವರಿನಲ್ಲಿ ಇಳಿದರು. ೫೫ ದಿನಗಳಾದವು. ಅಂದಿನವರು ಎಷ್ಟು ಕಷ್ಟಪಟ್ಟರು, ನಾವು ಎಷ್ಟು ಸುಖಿಗಳು ಎಂದು ಇಲ್ಲಿಗೆ ಮುಗಿಸುವುದು ವಾಡಿಕೆ. ನನಗೆ ಇನ್ನೊಂದು ವಿಷಯ ಮುಖ್ಯವಾಗಿ ಕಾಣುತ್ತದೆ. ಅಂದು ಕಾಗದ ಬರೆದರೆ ಆ ಕಾಗದವೂ ಹಡಗಿನಲ್ಲಿಯೇ ಬರಬೇಕಾಗಿತ್ತು. ಕಾಗದದಲ್ಲಿ ಬರುವ ಸುದ್ದಿಯ ವೇಗವೂ ಮನುಷ್ಯನ ವೇಗವೂ ಒಂದೇ. ಈ ಎರಡನ್ನು ಮೊದಲು ಬೇರ್ಪಡಿಸಿದ್ದು ತಂತಿ. ನಮ್ಮ ಹಳ್ಳಿಗಳಲ್ಲಿ ತಂತಿ ಬಂತೆಂದರೆ ಒಡೆದು ಓದುವುದಕ್ಕೆ ಮುಂಚೆಯೇ ಹೆಂಗಸರು ಅಳುತ್ತಿದ್ದರಂತೆ. ಆ ತಂತಿಯ ಸೇವೆ ೨೦೧೩ರ ಜುಲೈಯಲ್ಲಿ ನಿಂತೇ ಹೋಯಿತು. ಇಂದು ಅಂಗೈಯಗಲದ ಫೋನಿನಲ್ಲಿ ಅಕ್ಕನ ಮುಖ ಕಾಣುತ್ತದೆ. ಅವಳ ಮನೆಯ ಕುಕ್ಕರಿನ ಸದ್ದು ನಮ್ಮ ಅಡಿಗೆ ಮನೆಯಲ್ಲಿ ಕೇಳುತ್ತದೆ. ಕೂಗಳತೆ ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಬೆಳೆದಿದೆ. ಬರುವ ಅಳತೆ ಅದರ ಜತೆಯಲ್ಲಿ ಬೆಳೆಯಲಿಲ್ಲ.

ಇದನ್ನು ನಾವು ಕಂಡದ್ದು ೨೦೨೪ರ ನವೆಂಬರಿನಲ್ಲಿ. ಒಂದು ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ ತಾತ ತೀರಿಕೊಂಡರು. ಹಿಂದಿನ ರಾತ್ರಿ ಮುದ್ದೆ ಉಂಡು ಮಲಗಿದವರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಅಪ್ಪ ಅಂಗಳಕ್ಕೆ ಬಂದು ಒಂದೇ ಸಲ ಕೂಗಿದರು. ಕಾಲು ಗಂಟೆಯೊಳಗೆ ನಾಲ್ಕು ಮನೆಯವರು ನಮ್ಮ ಹಟ್ಟಿಯಲ್ಲಿದ್ದರು. ಒಬ್ಬರು ಒಲೆ ಹಚ್ಚಿ ನೀರು ಕಾಯಿಸಿದರು, ಒಬ್ಬರು ಅಜ್ಜಿಯನ್ನು ಹಿಡಿದುಕೊಂಡು ಕುಳಿತರು, ಇನ್ನೊಬ್ಬರು ಸುದ್ದಿ ಮುಟ್ಟಿಸಲು ಹೊರಟರು. ಅಕ್ಕನಿಗೆ ಫೋನು ಮಾಡಿದೆವು. ಅಲ್ಲಿ ಬುಧವಾರ ಮಧ್ಯಾಹ್ನ ಮೂರು ಗಂಟೆ, ಅವಳು ಕಚೇರಿಯಲ್ಲಿದ್ದಳು. ನೆರೆಮನೆಯವರಿಗೆ ತಿಳಿದಷ್ಟೇ ಬೇಗ ಅವಳಿಗೂ ತಿಳಿಯಿತು.

ಹಾಸನದಿಂದ ಫ್ರೀಜರ್ ಪೆಟ್ಟಿಗೆ ತರಿಸಿ ಇಡಬಹುದೆಂದು ಕೆಲವರು ಹೇಳಿದರು. ಮೊದಲ ಮೊಮ್ಮಗಳು, ತಾತನ ಹೆಗಲ ಮೇಲೆ ಬೆಳೆದವಳು. ಅಪ್ಪ ಫೋನು ಹಿಡಿದು, "ನೀನು ಬರೋವರೆಗೂ ಇಟ್ಕೊಳ್ಳೋಣವೇನವ್ವ?" ಎಂದು ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಕ್ಕ, "ಬ್ಯಾಡ ಅಪ್ಪ. ಎರಡು ದಿನ ಅವರನ್ನ ಪೆಟ್ಟಿಗೇಲಿ ಇಡಬ್ಯಾಡಿ. ಅಲ್ಲೀವರೆಗೂ ಅಜ್ಜಿ ಒಂದು ತುತ್ತೂ ಬಾಯಿಗೆ ಹಾಕಲ್ಲ, ಸಕ್ಕರೆ ಕಾಯಿಲೆಯವಳು. ಇವತ್ತೇ ಮುಗಿಸಿ" ಎಂದಳು. ಶಿವಮೊಗ್ಗದಿಂದ ಅತ್ತೆ ಬರುವವರೆಗೆ ಕಾದು, ಸಂಜೆ ಐದು ಗಂಟೆಗೆ ತೋಟದ ಅಂಚಿನಲ್ಲಿ ಚಿತೆಗೆ ಇಟ್ಟೆವು. ಫೋನು ಹಿಡಿದುಕೊಂಡು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. "ಮುಖ ತೋರಿಸು ಪುಟ್ಟ" ಎಂದಳು, ತೋರಿಸಿದೆ. ಅಪ್ಪ ಕೊಳ್ಳಿ ಇಡುವ ಹೊತ್ತಿಗೆ ಅಕ್ಕ "ತಾತ" ಎಂದು ಕೂಗಿದ್ದು ತೋಟಕ್ಕೆಲ್ಲ ಕೇಳಿಸಿತು. ಹಿಂದೆ ನಿಂತಿದ್ದವರು, ಫೋನಿನ ವಿಷಯ ತಿಳಿಯದವರು, ಬಂದಳೇನೋ ಎಂದು ರಸ್ತೆಯ ಕಡೆಗೆ ತಿರುಗಿ ನೋಡಿದರು. ಆಗ ಅವಳ ಊರಿನಲ್ಲಿ ಬೆಳಗಿನ ಜಾವ ಮೂರೂವರೆ. ಅವಳು ವಿಮಾನ ಹತ್ತುವುದಕ್ಕೆ ಇನ್ನೂ ಹನ್ನೆರಡು ಗಂಟೆಗಳಿದ್ದವು.

ನಾಲ್ಕನೆಯ ಉತ್ತರ ಇಲ್ಲಿಯದು. ದುಬೈ ಮೂಲಕ ಬರುವ ವಿಮಾನದಲ್ಲಿ ಅವಳಿಗೆ ಮೊದಲು ಜಾಗ ಸಿಕ್ಕಿತು. ಅವಳು ಊರು ಮುಟ್ಟಿದ್ದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ. ತಾತನ ಉಸಿರು ನಿಂತ ಮೇಲೆ ಐವತ್ತಮೂರೂವರೆ ಗಂಟೆಗೆ. ದಿನ ಕಳೆದ ಮೇಲೆ ನಾವಿಬ್ಬರೂ ಕುಳಿತು ಅದರ ಲೆಕ್ಕವನ್ನು ಬರೆದೆವು. ಸುದ್ದಿ ತಿಳಿದ ಮೇಲೆ ವಿಮಾನ ನೆಲ ಬಿಡುವವರೆಗೆ ಇಪ್ಪತ್ತನಾಲ್ಕು ಗಂಟೆ ನಲವತ್ತು ನಿಮಿಷ. ದುಬೈವರೆಗೆ ಹದಿನೈದೂವರೆ ಗಂಟೆ. ಅಲ್ಲಿ ಕಾದದ್ದು ಎರಡು ಗಂಟೆ ಐವತ್ತು ನಿಮಿಷ. ದುಬೈಯಿಂದ ಬೆಂಗಳೂರಿಗೆ ನಾಲ್ಕು ಗಂಟೆ. ದೇವನಹಳ್ಳಿಯಲ್ಲಿ ಸಾಲುಗಳನ್ನು ದಾಟಿ ಹೊರಬರಲು ಒಂದೂವರೆ. ಅಲ್ಲಿಂದ ಕಾರಿನಲ್ಲಿ ನಮ್ಮ ಹಳ್ಳಿಗೆ ಐದು. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಹತ್ತೊಂಬತ್ತೂವರೆ ಗಂಟೆ. ಮಿಕ್ಕ ಮೂವತ್ತನಾಲ್ಕು ಗಂಟೆ ನೆಲದ ಮೇಲಿನದು.

ಈ ಮೂವತ್ತನಾಲ್ಕನ್ನು ವಾಚಕರು ಸ್ವಲ್ಪ ಗಮನಿಸಬೇಕು. ವಿಮಾನದ ವೇಗವನ್ನು ಇಮ್ಮಡಿ ಮಾಡಿದರೂ ಅಕ್ಕ ಶನಿವಾರ ಬೆಳಿಗ್ಗೆ ಹತ್ತರ ಬದಲು ಶುಕ್ರವಾರ ನಡುರಾತ್ರಿಯ ಹೊತ್ತಿಗೆ ಬಂದಿಳಿಯುತ್ತಿದ್ದಳು. ಪುರಾಣದ ಪುಷ್ಪಕವೇ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಆಕಾಶದ ದಾರಿ ಮುಗಿದುಹೋಗಿದ್ದರೂ ಅವಳು ಮನೆ ಸೇರುತ್ತಿದ್ದುದು ಶುಕ್ರವಾರ ಮಧ್ಯಾಹ್ನ ಎರಡೂವರೆಗೆ. ಗುರುವಾರ ಸಂಜೆಯ ಐದು ಗಂಟೆ ಆಗ ಕಳೆದು ಸುಮಾರು ಒಂದು ದಿನವೇ ಆಗಿರುತ್ತಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ೧೯೭೬ರಿಂದ ೨೦೦೩ರವರೆಗೆ ಪ್ರಯಾಣಿಕರನ್ನು ಒಯ್ದಿತು. ಅಂಥ ವಿಮಾನ ಮತ್ತೆ ಬರಲೆಂದು ಆಶಿಸುವವರು ಬಹಳ ಮಂದಿ ಇದ್ದಾರೆ. ಬರಲಿ, ಸಂತೋಷ. ಆದರೆ ಜಾಗ ಸಿಕ್ಕುವುದು, ರಜೆ ಸಿಕ್ಕುವುದು, ಮಗುವನ್ನು ಯಾರಿಗಾದರೂ ಒಪ್ಪಿಸುವುದು, ಸಾಲಿನಲ್ಲಿ ನಿಲ್ಲುವುದು, ಕೊನೆಗೆ ನಮ್ಮ ಹಳ್ಳಿಯ ರಸ್ತೆ, ಇವು ಯಾವುವೂ ಶಬ್ದದ ವೇಗದಲ್ಲಿ ನಡೆಯತಕ್ಕ ಕಾರ್ಯಗಳಲ್ಲ. ಪ್ರಯಾಣದ ವೇಳಾಪಟ್ಟಿಯಲ್ಲಿ ಅಚ್ಚಾಗುವುದು ವಿಮಾನ ಕ್ರಮಿಸುವ ದೂರ. ಮಗಳು ಕ್ರಮಿಸುವ ದೂರ ಫೋನಿನ ಗಂಟೆ ಬಾರಿಸಿದ ಕ್ಷಣದಿಂದ ಆರಂಭವಾಗುತ್ತದೆ. ಅದನ್ನು ಯಾರೂ ಅಚ್ಚು ಹಾಕಿಲ್ಲ.

ಶನಿವಾರ ಮೂರನೆಯ ದಿನ. ಹಾಲು ತುಪ್ಪ ಬಿಡುವ ದಿನ. ಎಂಟು ಗಂಟೆಗೇ ಎಲ್ಲ ಸಿದ್ಧವಾಗಿತ್ತು. ಊರಿನ ಹಿರಿಯರೊಬ್ಬರು ತಾವಾಗಿಯೇ, "ಮಗ ದಾರೀಲಿದೆ. ಇದನ್ನ ಕಾಯಬಹುದು, ಕಾಯೋಣ" ಎಂದು ಹೇಳಿ ಹಾಲಿನ ಚೊಂಬಿಗೆ ತಟ್ಟೆ ಮುಚ್ಚಿಟ್ಟರು. ಹತ್ತು ಗಂಟೆಗೆ ಕಾರು ಬಂತು. ಅಕ್ಕ ಇಳಿದು ಕಾಲು ತೊಳೆದುಕೊಂಡು ನೇರವಾಗಿ ತೋಟಕ್ಕೆ ಬಂದಳು. ಮೊದಲ ಹಾಲನ್ನು ಅವಳ ಕೈಯಿಂದಲೇ ಬಿಡಿಸಿದರು. ಮನೆಗೆ ಬಂದ ಮೇಲೆ ಅಜ್ಜಿ ಅವಳ ಕೆನ್ನೆ ಸವರಿ ಕೇಳಿದ ಮೊದಲ ಮಾತು, "ಎಷ್ಟೊತ್ತಾಯ್ತು ಮಗಳೆ ಉಂಡು?" ಅಕ್ಕನಿಗೆ ಅದು ನೆನಪಿರಲಿಲ್ಲ. ಅಜ್ಜಿ ಅವಳಿಗೆ ಬಡಿಸಿ, ತಾನೂ ಅವಳ ಜತೆ ಉಂಡಳು.

ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಬಹಳ ಮಂದಿಯ ಮನೆಯಿಂದ ಯಾರಾದರೊಬ್ಬರು ದೂರ ಹೋಗಿದ್ದಾರೆ. ಇನ್ನು ಕೆಲವು ವರ್ಷಗಳಲ್ಲಿ ನಾವೂ ಹೋಗುತ್ತೇವೆ. ಕೆಲವರು ಬೆಂಗಳೂರಿಗೆ, ಕೆಲವರು ಕೊಲ್ಲಿ ದೇಶಗಳಿಗೆ, ಕೆಲವರು ಅಕ್ಕನ ಹಾಗೆ ಗೋಳದ ಆಚೆ ಬದಿಗೆ. ಹೋಗಬಾರದೆಂದು ನಾನು ಹೇಳಲಾರೆ. ಅಕ್ಕ ಹೋದುದರಿಂದಲೇ ನಮ್ಮ ಮನೆಗೆ ಹೆಂಚು ಹೋಗಿ ತಾರಸಿ ಬಂತು, ನನ್ನ ಓದು ಮುಂದುವರಿಯಿತು. ಹೊರಡುವ ಮುನ್ನ ಎರಡು ಲೆಕ್ಕಗಳನ್ನೂ ತಿಳಿದು ಹೊರಡೋಣ ಎಂಬುದಷ್ಟೇ ನನ್ನ ಬಿನ್ನಹ. ವಿಮಾನ ಎಷ್ಟು ಗಂಟೆಯದು ಎಂಬುದು ಒಂದು ಲೆಕ್ಕ. ನಮ್ಮ ಮನೆಯವರು ನಡುರಾತ್ರಿ ಅಂಗಳದಲ್ಲಿ ನಿಂತು ಕೂಗಿದರೆ ಯಾರ ಮನೆಯ ಬಾಗಿಲು ತೆರೆಯುತ್ತದೆ ಎಂಬುದು ಇನ್ನೊಂದು.

ಅಕ್ಕ ಇದನ್ನು ನನಗಿಂತ ಚೆನ್ನಾಗಿ ತಿಳಿದಿದ್ದಾಳೆ. ತಿಥಿ ಮುಗಿದು ಮರಳಿ ಹೊರಡುವ ಹಿಂದಿನ ದಿನ ಅವಳು ನನ್ನನ್ನು ಕರೆದುಕೊಂಡು, ಆ ಗುರುವಾರ ಬೆಳಗಿನ ಜಾವ ಬಂದಿದ್ದ ನಾಲ್ಕು ಮನೆಗಳಿಗೂ ಹೋದಳು. ಪ್ರತಿ ಮನೆಯಲ್ಲೂ ಕುಳಿತು ಕಾಫಿ ಕುಡಿದು, ಅವರ ಫೋನಿನ ಸಂಖ್ಯೆಗಳನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು. ಕೊನೆಯ ಮನೆಯ ಮುದುಕಿ ಇದೆಲ್ಲ ಏತಕ್ಕೆಂದು ಕೇಳಿದಳು. ಅಪ್ಪ ಅಜ್ಜಿಗೆ ಏನಾದರೂ ಆದರೆ ಅಲ್ಲಿಂದ ಯಾರಿಗೆ ಹೇಳಲಿ ಅಂತ, ಎಂದಳು ಅಕ್ಕ. ಮುದುಕಿ ನಕ್ಕು, ಅವಳ ಮಡಿಲಿಗೆ ಒಂದು ಹಿಡಿ ಅಡಿಕೆ ಹಾಕಿ ಹೇಳಿದಳು: "ಆಯ್ತು ಬುಡು. ನೀನು ಅಲ್ಲಿಂದ ಕೂಗು, ನಾವು ಇಲ್ಲಿಂದ ಓಡ್ತೀವಿ."